ಸಪ್ಪೆ ಊಟದ ಕಾರ್ತೀಕ

ನಮ್ಮ ಪ್ರೇಮತ್ತೆಯಷ್ಟು ಪುಕ್ಕಲು ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಹಸು ಕತ್ತು ತಿರುಗಿಸಿದರೆ ಹೆದರುತ್ತಿದ್ದಳು, ಬಸ್ಸು ತಿರುವಿನಲ್ಲಿ ಸ್ವಲ್ಪ ವಾಲಿದರೆ ಹೆದರುತ್ತಿದ್ದಳು, ಟೆಲಿಗ್ರಾಂ ಬಂದರೆ ಒಡೆದು ಓದುವ ಮೊದಲೇ ಅಳಲು ಶುರು ಮಾಡುತ್ತಿದ್ದಳು. ಅಂಥವಳು ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದಳು, ಅದರಲ್ಲಿ ಹನ್ನೊಂದು ವರ್ಷ ಒಬ್ಬ ಮಾನಸಿಕ ರೋಗಿಯನ್ನು ನೋಡಿಕೊಂಡಳು ಎಂದರೆ ಗೋಣಿಬೀಡಿನಲ್ಲಿ ನಮ್ಮ ಮನೆಯವರೇ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಈಗ ಆ ನಗು ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಪೂರ್ತಿ ಹೆಸರು ಪ್ರೇಮಕುಮಾರಿ, ನನ್ನ ಅಪ್ಪನ ತಂಗಿ. ಗೋಣಿಬೀಡಿನಲ್ಲಿ ನಮ್ಮ ತಾತನಿಗೆ ಬಟ್ಟೆ ಅಂಗಡಿ ಇತ್ತು. ನಿಶ್ಚಯವಾಗಿದ್ದ ಮದುವೆ ಮುರಿದು ಬಿದ್ದಾಗ, ಮನೆಯಲ್ಲಿ ಕೂತು ಜನರ ಮರುಕ ಕೇಳುವುದಕ್ಕಿಂತ ಏನಾದರೂ ಕಲಿಯಲಿ ಎಂದು ತಾತ ಅವಳನ್ನು ಹಾಸನಕ್ಕೆ ನರ್ಸಿಂಗ್ ಓದಲು ಕಳಿಸಿದರು. ಓದಿನ ಕೊನೆಯ ವರ್ಷ ಬೆಂಗಳೂರಿನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಒಂದು ತಿಂಗಳು ಕೆಲಸ ಮಾಡಬೇಕಿತ್ತು. ಎರಡನೇ ದಿನವೇ ಒಬ್ಬ ರೋಗಿ ಹೆಂಗಸು ಇವಳ ಜಡೆ ಹಿಡಿದುಕೊಂಡಳು, ಇಪ್ಪತ್ತು ನಿಮಿಷ ಬಿಡಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು ಅಷ್ಟೆ. ಅತ್ತೆಗೆ ಮೂರು ದಿನ ಜ್ವರ ಬಂತು. ದೇವರೇ, ಈ ಒಂದು ಕಾಯಿಲೆ ಬಿಟ್ಟು ಬೇರೆ ಯಾವ ಕಾಯಿಲೆಯವರನ್ನಾದರೂ ನನ್ನ ಕೈಗೆ ಕೊಡು ಎಂದು ಆಗ ಬೇಡಿಕೊಂಡಳಂತೆ.

ದೇವರು ಹತ್ತೊಂಬತ್ತು ವರ್ಷ ಆ ಮಾತು ನಡೆಸಿಕೊಟ್ಟ. ಬಾಳೂರಿನ ಕಡೆ ನಾಲ್ಕೈದು ಕಾಫಿ ಎಸ್ಟೇಟಿನವರು ಸೇರಿ ನಡೆಸುತ್ತಿದ್ದ ಡಿಸ್ಪೆನ್ಸರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಡಾಕ್ಟರು ಮೂಡಿಗೆರೆಯಿಂದ ವಾರಕ್ಕೊಮ್ಮೆ ಬರುತ್ತಿದ್ದರು, ಉಳಿದ ಆರು ದಿನ ಅತ್ತೆಯದೇ ರಾಜ್ಯ. ಕತ್ತಿ ತಾಗಿದ ಕೈ, ಜಿಗಣೆ ಕಚ್ಚಿ ಹುಣ್ಣಾದ ಕಾಲು, ಕೂಲಿಯವರ ಲೈನ್ ಮನೆಗಳ ಹೆಂಗಸರ ಹೆರಿಗೆ, ಇವೆಲ್ಲ ಅವಳಿಗೆ ಪಳಗಿದ್ದವು. ಇನ್ನು ಎಸ್ಟೇಟ್ ಮನೆಗಳ ಹಿರಿಯರಿಗೆಲ್ಲ ಬಿ.ಪಿ. ಪಟ್ಟಿ ಸುತ್ತಿ ಗಾಳಿ ಹೊಡೆದು, ಪಾದರಸ ಇಳಿಯುವುದನ್ನು ನೋಡಿ, ‘ಉಪ್ಪು ಕಮ್ಮಿ ಮಾಡಿ’ ಎನ್ನುವುದು ಅವಳ ಬಾಯಿಪಾಠ. ದಿನಕ್ಕೆ ಹತ್ತು ಸಲವಾದರೂ ಆ ಮಾತು ಹೇಳುತ್ತಿದ್ದಳು.

೧೯೯೬ರ ಫೆಬ್ರವರಿಯಲ್ಲಿ ಗಿರಿಜಾಂಬಾ ಅವರ ಎಸ್ಟೇಟಿನ ಜೀಪು ಡಿಸ್ಪೆನ್ಸರಿಯ ಮುಂದೆ ಬಂದು ನಿಂತಿತು. ಗಿರಿಜಾಂಬಾ ಗಂಡನನ್ನು ಬೇಗ ಕಳೆದುಕೊಂಡು, ಅರವತ್ತು ಎಕರೆ ತೋಟವನ್ನು ತಾವೇ ನಿಂತು ನಡೆಸಿದ ಹೆಂಗಸು. ಒಬ್ಬನೇ ಮಗ ರೇಣುಕಪ್ರಸಾದ್, ಆಗ ಮೂವತ್ತೆರಡು ವರ್ಷ. ಅವನು ಒಂಬತ್ತು ದಿನದಿಂದ ನಿದ್ದೆ ಮಾಡಿರಲಿಲ್ಲ. ಮಾತು ನಿಲ್ಲುತ್ತಿರಲಿಲ್ಲ. ನೆರಳಿನ ಸಿಲ್ವರ್ ಓಕ್ ಮರಗಳನ್ನೆಲ್ಲ ಒಂದೇ ದಿನದಲ್ಲಿ ಉರುಳಿಸಿ, ಗುಡ್ಡದ ಮೇಲೆ ವಿಮಾನ ಇಳಿಸಬೇಕು ಎಂದು ಆಳುಗಳಿಗೆ ಆರ್ಡರ್ ಮಾಡಿದ್ದ. ತಡೆಯಲು ಹೋದ, ತೋಟದ ಲೆಕ್ಕ ನೋಡುವ ರೈಟರ್ ಬಸವರಾಜಪ್ಪನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದ. ಆ ಬಸವರಾಜಪ್ಪನೇ ಜೀಪು ಓಡಿಸಿಕೊಂಡು ಬಂದಿದ್ದು, ಕುತ್ತಿಗೆಯ ಮೇಲೆ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಅದನ್ನು ನೋಡಿಯೇ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು.

‘ನಂಗೆ ಆಗಲ್ಲ ರೈಟ್ರೇ. ಡಾಕ್ಟ್ರನ್ನ ಕರ್ಕೊಂಡು ಹೋಗಿ.’

‘ಡಾಕ್ಟ್ರು ಫೋನಲ್ಲಿ ಹೇಳಿದಾರೆ ಸಿಸ್ಟರ್. ಮಂಗ್ಳೂರಲ್ಲಿ ಬೆಡ್ ಸಿಗಕ್ಕೆ ಇನ್ನೂ ನಾಲ್ಕು ದಿನ ಆಗ್ತದಂತೆ, ಅಲ್ಲೀವರ್ಗೂ ಇಂಜೆಕ್ಷನ್ ನೀವೇ ಕೊಡ್ಬೇಕಂತೆ’ ಎಂದ ಬಸವರಾಜಪ್ಪ.

ನಾಲ್ಕು ದಿನ, ಬೆಳಿಗ್ಗೆ ಸಂಜೆ, ನಾಲ್ಕು ಆಳುಗಳು ಅವನನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಅತ್ತೆ ಇಂಜೆಕ್ಷನ್ ಚುಚ್ಚುವುದು. ಮೂರನೇ ದಿನ ಅವನು ಒಂದು ಕೈ ಬಿಡಿಸಿಕೊಂಡು ಅವಳ ಮಣಿಕಟ್ಟು ಹಿಡಿದುಬಿಟ್ಟ. ಮೂಳೆ ಮುರಿದೇ ಹೋಯಿತು ಅಂದುಕೊಂಡಳಂತೆ. ನೀಲಿಗಟ್ಟಿದ ಆ ಜಾಗವನ್ನು ಗೋಣಿಬೀಡಿಗೆ ಬಂದಾಗ ನಮಗೆಲ್ಲ ತೋರಿಸಿದಳು. ಕೆಲಸ ಬಿಡು ಎಂದು ಅಪ್ಪ ಹೇಳಿದರು. ಬಿಡಲೂ ಅವಳಿಗೆ ಹೆದರಿಕೆ.

ರೇಣುಕಪ್ರಸಾದ್ ಮಂಗಳೂರಿನ ಆಸ್ಪತ್ರೆಯಲ್ಲಿ ನಲವತ್ತು ದಿನ ಇದ್ದು ಬಂದ. ಬಂದವನು ಬೇರೆಯೇ ಮನುಷ್ಯ. ಮೆತ್ತಗೆ ಮಾತು, ತಗ್ಗಿದ ತಲೆ. ದಿನಕ್ಕೆ ಮೂರು ಲಿಥಿಯಂ ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮಾತ್ರೆ ತಪ್ಪಿಸಿದರೆ ಕಾಯಿಲೆ ಮರಳಿ ಬರುತ್ತದೆ ಎಂದು ಡಾಕ್ಟರು ಎಚ್ಚರಿಕೆ ಕೊಟ್ಟಿದ್ದರು. ಗಿರಿಜಾಂಬಾ ಆ ಜವಾಬ್ದಾರಿಯನ್ನು ಅತ್ತೆಯ ತಲೆಗೆ ಕಟ್ಟಿದರು. ವಾರಕ್ಕೆ ಮೂರು ದಿನ ಎಸ್ಟೇಟಿಗೆ ಹೋಗಿ, ಎದುರಿಗೇ ಮಾತ್ರೆ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿ ಬರಬೇಕು. ಉಳಿದ ದಿನ ತಾಯಿಯೇ ಹಾಗೆ ಮಾಡುವುದು. ಅತ್ತೆ ಯಾವಾಗಲೂ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳಂತೆ, ಓಡಬೇಕಾಗಿ ಬಂದರೆ ದಾರಿ ಇರಲಿ ಅಂತ. ನಾನು ಕೇಳಿ ಬಿದ್ದು ಬಿದ್ದು ನಕ್ಕಿದ್ದೆ.

ಅವನು ಹುಷಾರಾಗಿಯೇ ಇದ್ದ. ತೋಟಕ್ಕೆ ಹೋಗುತ್ತಿದ್ದ, ಆಳುಗಳ ಹಾಜರಿ ನೋಡುತ್ತಿದ್ದ. ಆದರೆ ಆ ಮನೆಯಲ್ಲಿ ಅವನು ಸ್ವಲ್ಪ ಜೋರಾಗಿ ನಕ್ಕರೂ ಒಳಗಿನಿಂದ ತಾಯಿ, ‘ಪ್ರಸಾದಾ, ಮಾತ್ರೆ ತಗೊಂಡ್ಯಾ?’ ಎಂದು ಕೂಗುತ್ತಿದ್ದರು. ಸಾರಿಗೆ ಖಾರ ಹೆಚ್ಚಾಯಿತು ಅಂದರೂ ಅದೇ ಪ್ರಶ್ನೆ. ಕೊನೆಕೊನೆಗೆ ಅವನು ನಗುವುದನ್ನೂ ಖಾರದ ಮಾತನ್ನೂ ಬಿಟ್ಟ. ಎಷ್ಟು ಒಳ್ಳೆಯವನಾದ ನೋಡಿ ಎಂದು ಎಲ್ಲರೂ ಸಂತೋಷಪಟ್ಟರು, ಅತ್ತೆಯೂ.

ಮಗ ಆಸ್ಪತ್ರೆಯಲ್ಲಿದ್ದಾಗ ಗಿರಿಜಾಂಬಾ ಕಳಸೇಶ್ವರನಿಗೆ ಒಂದು ಹರಕೆ ಹೊತ್ತಿದ್ದರು. ಮಗ ಎರಡು ವರ್ಷ ನೆಟ್ಟಗಿದ್ದರೆ, ಒಂದು ಕಾರ್ತೀಕ ಮಾಸ ಪೂರ್ತಿ ಅವನೂ ನಾನೂ ಸಪ್ಪೆ ಊಟ ಮಾಡುತ್ತೇವೆ, ಉಪ್ಪಿನ ಹರಳು ಮುಟ್ಟುವುದಿಲ್ಲ, ಕಾಫಿಯನ್ನೂ ಬಿಡುತ್ತೇವೆ, ಕೊನೆಯ ಸೋಮವಾರ ಕಳಸಕ್ಕೆ ಬಂದು ನಿನ್ನ ಪ್ರಸಾದದಿಂದಲೇ ವ್ರತ ಬಿಡುತ್ತೇವೆ ಎಂದು. ಕಾಫಿ ಬೆಳೆಗಾರರು ಕಾಫಿ ಬಿಡುವುದೆಂದರೆ ಸಣ್ಣ ಮಾತಲ್ಲ. ರೇಣುಕಪ್ರಸಾದ್ ದಿನಕ್ಕೆ ಏಳೆಂಟು ಲೋಟ ಕುಡಿಯುವವನು. ೧೯೯೮ಕ್ಕೆ ಎರಡು ವರ್ಷ ತುಂಬಿತು. ಗಿರಿಜಾಂಬಾ ಮೂಢರಲ್ಲ, ಕೇಳದೆ ಮಾಡುವವರಲ್ಲ. ದೀಪಾವಳಿಗೆ ಮುಂಚೆ ಅತ್ತೆ ಮಾತ್ರೆ ಕೊಡಲು ಹೋದಾಗ ಜಗಲಿಯಲ್ಲಿ ನಿಲ್ಲಿಸಿ ಕೇಳಿದರು.

‘ಸಿಸ್ಟರೇ, ಒಂದು ತಿಂಗ್ಳು ಉಪ್ಪು, ಕಾಫಿ ಎರಡೂ ಬಿಟ್ರೆ ಇವನ ಮಾತ್ರೆಗೇನೂ ತೊಂದ್ರೆ ಇಲ್ವಲ್ಲ?’

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ‘ಉಪ್ಪು ಬಿಟ್ರೆ ಒಳ್ಳೇದೇ ಅಮ್ಮ. ನಿಮ್ಮ ಬಿ.ಪಿ.ನೂ ಇಳೀತದೆ. ಮಾತ್ರೆ ಮಾತ್ರ ತಪ್ಪಿಸ್ಬೇಡಿ.’

ಇಷ್ಟೇ ಮಾತು. ಹೇಳಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಜೀಪು ಹತ್ತಿದಳು.

ಕಾರ್ತೀಕ ಶುರುವಾಗುವುದಕ್ಕೂ ಅರೇಬಿಕಾ ಹಣ್ಣಿನ ಕುಯ್ಲು ಶುರುವಾಗುವುದಕ್ಕೂ ಸರಿಹೋಯಿತು. ರೇಣುಕಪ್ರಸಾದ್ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಲ್ಲಿ ಕಣದ ಮೇಲೆ ನಿಂತು ಬೆವರು ಸುರಿಸುತ್ತಿದ್ದ, ಮನೆಗೆ ಬಂದು ಉಪ್ಪಿಲ್ಲದ ಗಂಜಿ ಕುಡಿಯುತ್ತಿದ್ದ. ಎಂಟನೇ ದಿನ ಅತ್ತೆ ಹೋದಾಗ ಅವನ ಕೈ ನಡುಗಿ ನೀರು ಚೆಲ್ಲಿತು. ಕಾಫಿ ಬಿಟ್ಟಿದ್ದಕ್ಕೆ ಅಂದುಕೊಂಡಳು. ಹನ್ನೆರಡನೇ ದಿನ ಬಸವರಾಜಪ್ಪ ಡಿಸ್ಪೆನ್ಸರಿಗೆ ಬಂದು, ಸಣ್ಣ ಯಜಮಾನರು ವಾಂತಿ ಮಾಡಿಕೊಳ್ಳುತ್ತಿದ್ದಾರೆ, ತೂರಾಡುತ್ತಿದ್ದಾರೆ, ಮಾತು ತೊದಲುತ್ತಿದೆ, ಕಾಯಿಲೆ ತಿರುಗಿ ಬಂತೋ ಏನೋ ಎಂದು ಹೇಳಿದ. ‘ಅಮ್ಮ ನಿಮ್ಮನ್ನ ಕರ್ಕೊಂಡು ಬಾ ಅಂದ್ರು.’

ಕಾಯಿಲೆ ತಿರುಗಿ ಬಂತು ಎಂಬ ಒಂದು ಮಾತಿಗೆ ಅತ್ತೆಯ ಮಣಿಕಟ್ಟು ತಾನಾಗಿ ನೋಯತೊಡಗಿತಂತೆ. ಅವಳು ಹೋಗಲಿಲ್ಲ. ಕೈಯಲ್ಲಿ ಒಂದು ಹೆರಿಗೆ ಇದೆ ಎಂದು ಸುಳ್ಳು ಹೇಳಿದಳು. ‘ಮಾತ್ರೆ ತಪ್ಪಿಸ್ಬೇಡಿ ಅಂತ ಹೇಳಿ. ವಾಂತಿಯಾದ್ರೆ ಇನ್ನೊಂದು ಕೊಡಿ. ನಾಳೆ ಬರ್ತೀನಿ.’

ರಿಟೈರಾಗಿ ಊರಿಗೆ ಬಂದ ಮೇಲೆ ನನಗೆ ಇದನ್ನು ಹೇಳುವಾಗ ಅತ್ತೆ ನನ್ನ ಮುಖ ನೋಡಲಿಲ್ಲ. ನಾನು ಸಿಡುಕಿನವಳು, ಬಾಯಿಗೆ ಬಂದದ್ದು ಅಂದುಬಿಡುವವಳು.

ಮರುದಿನ ಬೆಳಿಗ್ಗೆ ಇಂಜೆಕ್ಷನ್ ತುಂಬಿಕೊಂಡೇ ಹೋದಳು. ಹಿಡಿದುಕೊಳ್ಳಲು ನಾಲ್ಕು ಆಳುಗಳು ಅಂಗಳದಲ್ಲಿ ತಯಾರಾಗಿ ನಿಂತಿದ್ದರು. ಒಳಗೆ ರೇಣುಕಪ್ರಸಾದ್ ಚಾಪೆಯ ಮೇಲೆ ಅಡ್ಡ ಬಿದ್ದಿದ್ದ. ಅವನನ್ನು ಯಾರೂ ಹಿಡಿಯಬೇಕಾಗಿರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು, ತುಟಿ ಒಡೆದಿತ್ತು. ತೊಡೆಯ ಮಾಂಸ ತಾನಾಗಿಯೇ ಹಾರುತ್ತಿತ್ತು, ಚರ್ಮದ ಕೆಳಗೆ ಏನೋ ಹರಿದಾಡಿದ ಹಾಗೆ. ಹೆಸರು ಹಿಡಿದು ಕರೆದರೆ ಬಾಯಿಂದ ಬರೀ ಗೊರಗೊರ ಶಬ್ದ. ಹುಚ್ಚು ಕೆರಳಿದ ಮನುಷ್ಯನನ್ನು ಅತ್ತೆ ಕಂಡಿದ್ದಳು. ಇದು ಅದಲ್ಲ ಎಂದು ಅವಳಿಗೆ ಹೊಳೆಯಿತು. ಆಗ ಬಂತಂತೆ ನಿಜವಾದ ಭಯ. ಅಲ್ಲಿಯವರೆಗೆ ಅವನಿಗೆ ಹೆದರಿದ್ದಳು, ಈಗ ಅವನು ಸತ್ತುಹೋಗುತ್ತಾನೆ ಎಂದು ಹೆದರಿದಳು.

‘ಇಂಜೆಕ್ಷನ್ ಕೊಡಿ ಸಿಸ್ಟರೇ, ನೋಡ್ತಾ ನಿಂತ್ರೆ ಹೆಂಗೆ?’ ಗಿರಿಜಾಂಬಾ ಅಳುತ್ತಿದ್ದರು. ‘ಬೆಳಿಗ್ಗೆ ಎರಡು ಮಾತ್ರೆ ಕೊಟ್ಟೆ, ಎರಡೂ ವಾಂತಿ ಆಯ್ತು. ಇನ್ನೊಂದು ಅರೆದು ಕೊಡ್ಲಾ?’

‘ಬೇಡ ಅಮ್ಮ. ಮುಟ್ಟಬೇಡಿ.’ ಯಾಕೆ ಬೇಡ ಎಂದು ಅವಳಿಗೇ ಗೊತ್ತಿರಲಿಲ್ಲ. ಹಜಾರದ ಫೋನಿನ ಹತ್ತಿರ ಹೋಗಿ ಮಂಗಳೂರಿಗೆ ಡಯಲ್ ಮಾಡಿದಳು. ಎರಡು ಸಲ ನಂಬರು ತಪ್ಪಿತು. ಡಾಕ್ಟರು ಸಿಕ್ಕಾಗ ಒಂದೇ ಉಸಿರಿಗೆ ಎಲ್ಲ ಹೇಳಿದಳು: ನಡುಕ, ವಾಂತಿ, ತೊದಲು, ಹದಿಮೂರು ದಿನದಿಂದ ಹರಕೆ, ಉಪ್ಪಿಲ್ಲದ ಊಟ. ಅಲ್ಲಿಗೆ ಬಂದಾಗ ಡಾಕ್ಟರು ಕೂಗಿಕೊಂಡರು.

‘ಉಪ್ಪು ಬಿಡ್ಸಿದೀರಾ? ಕಾಫೀನೂ? ಅಯ್ಯೋ, ಉಪ್ಪು, ಕಾಫಿ ಇಲ್ಲ ಅಂದ್ರೆ ಮೈ ಆ ಲಿಥಿಯಂನ ಹೊರಗೆ ಬಿಡಲ್ಲ ಸಿಸ್ಟರ್. ಅದು ರಕ್ತದಲ್ಲೇ ಉಳ್ಕೊಂಡು ವಿಷ ಆಗ್ತದೆ. ಒಂದು ಮಾತ್ರೇನೂ ಕೊಡ್ಬೇಡಿ. ಈಗ್ಲೇ ಹೊರಡಿ.’

ಫೋನ್ ಇಟ್ಟಾಗ ಅವಳಿಗೆ ತನ್ನದೇ ದನಿ ಕೇಳಿಸಿತಂತೆ: ಉಪ್ಪು ಬಿಟ್ರೆ ಒಳ್ಳೇದೇ ಅಮ್ಮ.

ಜೀಪಿನ ಹಿಂದೆ ಹಾಸಿಗೆ ಹಾಸಿ ಅವನನ್ನು ಮಲಗಿಸಿದರು. ತಲೆ ತಾಯಿಯ ತೊಡೆಯ ಮೇಲೆ, ಕಾಲು ಅತ್ತೆಯ ತೊಡೆಯ ಮೇಲೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಅವನ ಮೈ ಒಮ್ಮೆಲೇ ಬಿಲ್ಲಿನಂತೆ ಬಾಗಿತು. ಹಲ್ಲು ಕಚ್ಚಿಕೊಂಡವು, ಕೈಕಾಲು ಸೆಟೆದು ಬಡಿದುಕೊಳ್ಳತೊಡಗಿದವು. ಗಿರಿಜಾಂಬಾ ಕಿರುಚಿದರು. ಬಸವರಾಜಪ್ಪ ಒಂದು ತಿರುವಿನಲ್ಲೇ ಜೀಪು ನಿಲ್ಲಿಸಿದ, ಹಿಂದೆ ಬರುತ್ತಿದ್ದ ಲಾರಿ ಹಾರನ್ ಬಾರಿಸಿ ಪಕ್ಕದಲ್ಲೇ ಸವರಿಕೊಂಡು ಹೋಯಿತು. ಬಸ್ಸು ವಾಲಿದರೆ ಅಳುವ ನಮ್ಮ ಅತ್ತೆ ಪ್ರಪಾತದ ಅಂಚಿನಲ್ಲಿ ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ಸೆರಗಿನಿಂದ ಒರೆಸಿ, ತಲೆ ಕಬ್ಬಿಣಕ್ಕೆ ಬಡಿಯದಂತೆ ತನ್ನ ಎರಡೂ ಕೈ ಅಡ್ಡ ಕೊಟ್ಟು ಕೂತಳು. ಎಷ್ಟು ಹೊತ್ತು ಎಂದು ಕೇಳಿದೆ. ಗೊತ್ತಿಲ್ಲ ಅಂದಳು. ಆಮೇಲೆ ಅವನು ಉಸಿರಾಡುತ್ತಿದ್ದಾನಾ ಇಲ್ಲವಾ ಎಂದು ಉಜಿರೆಯವರೆಗೂ ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದಳಂತೆ.

ಮಂಗಳೂರಿನಲ್ಲಿ ಯಂತ್ರಕ್ಕೆ ಹಾಕಿ ಎರಡು ಸಲ ಅವನ ರಕ್ತ ಸೋಸಿದರು. ಮೂರು ದಿನ ಎಚ್ಚರವಿರಲಿಲ್ಲ. ಎರಡನೇ ದಿನ ಗಿರಿಜಾಂಬಾ ಮಂಚದ ಪಕ್ಕ ಕೂತು, ಮಗನ ಕೈಗೆ ಹನಿಹನಿಯಾಗಿ ಇಳಿಯುತ್ತಿದ್ದ ಬಾಟಲಿಯನ್ನೇ ನೋಡುತ್ತಿದ್ದರು.

‘ಅದ್ರಲ್ಲಿ ಏನಿದೆ ಸಿಸ್ಟರೇ?’

‘ಉಪ್ಪುನೀರು ಅಮ್ಮ.’

ಗಿರಿಜಾಂಬಾ ಸೆರಗು ಬಾಯಿಗೆ ಒತ್ತಿಕೊಂಡರು. ‘ಹದಿಮೂರು ದಿನ ಉಪ್ಪಿನ ಡಬ್ಬಿ ಅಟ್ಟದ ಮೇಲೆ ಇಟ್ಟಿದ್ದೆ. ಕೈತಪ್ಪಿ ಒಂದು ಹರಳೂ ಬೀಳ್ಬಾರ್ದು ಅಂತ.’

ಅಷ್ಟರಲ್ಲಿ ಡಾಕ್ಟರು ಬಂದರು. ಸಿಟ್ಟಿನಲ್ಲಿದ್ದರು. ‘ಇದನ್ನ ಮಾಡ್ಸೋ ಮುಂಚೆ ತಿಳಿದೋರು ಯಾರನ್ನಾದ್ರೂ ಒಂದು ಮಾತು ಕೇಳಿದ್ರಾ?’ ಎಂದವರ ಕಣ್ಣು ಅತ್ತೆಯ ಬಿಳಿ ಸೀರೆಯ ಮೇಲೆ ನಿಂತಿತು. ಅತ್ತೆ ಹೇಳಬೇಕು, ಹೇಳಬೇಕು ಎಂದು ನಾಲಿಗೆ ಎತ್ತಿದಳು. ಅದಕ್ಕೆ ಮುಂಚೆ ಗಿರಿಜಾಂಬಾ ಮಾತಾಡಿಬಿಟ್ಟರು.

‘ಯಾರನ್ನೂ ಕೇಳ್ಲಿಲ್ಲ ಡಾಕ್ಟ್ರೇ. ಎಲ್ಲ ನಾನೇ ಮಾಡ್ಸಿದ್ದು. ಸಿಸ್ಟರ್‌ಗೆ ಗೊತ್ತೇ ಇರ್ಲಿಲ್ಲ.’

ಡಾಕ್ಟರು ಆ ತಾಯಿಗೆ ವಾರ್ಡಿನವರೆಲ್ಲ ಕೇಳುವಂತೆ ಬೈದರು. ಮೂಢನಂಬಿಕೆ ಅಂದರು, ಮಗನನ್ನು ಕೊಲ್ಲುತ್ತಿದ್ದಿರಿ ಅಂದರು. ಗಿರಿಜಾಂಬಾ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ಅತ್ತೆ ಪಕ್ಕದಲ್ಲೇ ನಿಂತು ಬಾಟಲಿಯ ಹನಿ ಎಣಿಸುತ್ತಿರುವಂತೆ ನಟಿಸಿದಳು. ಡಾಕ್ಟರು ಹೋದ ಮೇಲೆ ಗಿರಿಜಾಂಬಾ ಮೆಲ್ಲಗೆ ಹೇಳಿದರು: ‘ನಿಮ್ಮ ಕೆಲ್ಸ ಹೋದ್ರೆ ನನ್ನ ಮಗನ್ನ ನೋಡೋರು ಯಾರು? ನಮ್ಮ ಗುಡ್ಡಕ್ಕೆ ಇನ್ನೊಬ್ರು ಬರ್ತಾರಾ?’

ರೇಣುಕಪ್ರಸಾದ್ ಬದುಕಿದ. ಆದರೆ ಬಲಗೈ ನಡುಕ ಹೋಗಲಿಲ್ಲ, ನಡೆಯುವಾಗ ಕಾಲು ಅಗಲ ಇಟ್ಟು ತೂಕ ತಪ್ಪಿದವನಂತೆ ನಡೆಯುತ್ತಿದ್ದ. ಮೆದುಳಿಗೆ ಒಂದಿಷ್ಟು ಪೆಟ್ಟಾಗಿದೆ, ಅದು ಹೀಗೇ ಉಳಿಯುತ್ತದೆ ಎಂದರು. ಬೇರೆ ಮಾತ್ರೆ ಶುರು ಮಾಡಿದರು. ಅತ್ತೆ ಮುಂಚೆ ವಾರಕ್ಕೆ ಮೂರು ದಿನ ಹೋಗುತ್ತಿದ್ದವಳು ಈಗ ಆರು ದಿನ ಹೋಗತೊಡಗಿದಳು. ಪ್ರತಿ ಮಾತ್ರೆಯ ಮೇಲಿನ ಅಕ್ಷರ ಮೂರು ಸಲ ಓದುವಳು, ಅವನು ಸೀನಿದರೂ ಮಂಗಳೂರಿಗೆ ಫೋನ್ ಮಾಡುವಳು. ಒಂದು ರಕ್ತ ಪರೀಕ್ಷೆಯೂ ತಪ್ಪಲಿಲ್ಲ. ಒಂಬತ್ತು ವರ್ಷ ಹೀಗೆ. ಎಂಥ ಕರ್ತವ್ಯನಿಷ್ಠೆ ಎಂದು ಎಸ್ಟೇಟಿನವರು ಹೊಗಳಿ, ರಿಟೈರಾಗುವಾಗ ಶಾಲು ಹೊದಿಸಿದರು. ಆ ಶಾಲನ್ನು ಅವಳು ಗೋಣಿಬೀಡಿಗೆ ತರಲೇ ಇಲ್ಲ.

೨೦೦೭ರ ಮೇ ತಿಂಗಳಲ್ಲಿ ಕೊನೆಯ ಸಲ ಆ ಮನೆಗೆ ಹೋದಳು. ಗಿರಿಜಾಂಬಾ ಮಲಗಿದ್ದರು. ಜಗಲಿಯಲ್ಲಿ ರೇಣುಕಪ್ರಸಾದ್ ಒಬ್ಬನೇ ಇದ್ದ. ತಲೆಗೂದಲು ಬೆಳ್ಳಗಾಗಿತ್ತು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಅತ್ತೆ ಧೈರ್ಯ ಮಾಡಿದಳು. ಅವನು ಬೈಯಲಿ, ಹೊಡೆಯಲಿ, ಏನು ಬೇಕಾದರೂ ಮಾಡಲಿ ಅಂದುಕೊಂಡಳು.

‘ಪ್ರಸಾದ್, ನಿಮ್ಮ ಅಮ್ಮ ಅವತ್ತು ಡಾಕ್ಟ್ರ ಹತ್ರ ಸುಳ್ಳು ಹೇಳಿದ್ರು. ಅವ್ರು ನನ್ನ ಕೇಳಿದ್ರು. ಉಪ್ಪು ಬಿಡ್ಬೋದು ಅಂತ ಹೇಳಿದ್ದು ನಾನು.’

‘ಗೊತ್ತು ಸಿಸ್ಟರ್. ನಾನು ಅಲ್ಲೇ ಇದ್ನಲ್ಲ.’

‘ಎಲ್ಲಿ?’

‘ಇಲ್ಲೇ, ಈ ಬೆಂಚಿನ ಮೇಲೆ. ನಿಮ್ಮಿಬ್ರ ಮಧ್ಯಾನೇ ಕೂತಿದ್ದೆ.’

ಅತ್ತೆ ಎಷ್ಟು ನೆನಪು ಮಾಡಿಕೊಂಡರೂ ಅವನು ಅಲ್ಲಿದ್ದದ್ದು ನೆನಪಿಗೆ ಬರಲಿಲ್ಲ. ಗಿರಿಜಾಂಬಾ ಅವರ ಸೀರೆಯ ಬಣ್ಣ ನೆನಪಿತ್ತು, ಅಂಗಳದಲ್ಲಿ ಯಾರು ಬುಟ್ಟಿ ಕಟ್ಟುತ್ತಿದ್ದರು ಅನ್ನುವುದು ನೆನಪಿತ್ತು, ಅವನು ನೆನಪಿರಲಿಲ್ಲ.

‘ಮೊದಲ್ನೇ ಸಲ ಮಂಗ್ಳೂರಿಂದ ಬಿಡೋವಾಗ ಡಾಕ್ಟ್ರು ನಂಗೆ ಹೇಳಿದ್ರು’ ಎಂದ ಅವನು. ‘ಊಟದಲ್ಲಿ ಉಪ್ಪು ಹೆಂಗಿದ್ಯೋ ಹಂಗೇ ಇರ್ಲಿ, ಹೆಚ್ಚೂ ಬೇಡ ಕಮ್ಮೀನೂ ಬೇಡ ಅಂತ. ನಂಗೆ ಗೊತ್ತಿತ್ತು.’

‘ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯಾ?’ ಅತ್ತೆ ಅಳತೊಡಗಿದ್ದಳು.

‘ಐದನೇ ದಿನ ಹೇಳಿದೆ. ಅಮ್ಮಾ, ಗಂಜಿಗೆ ಉಪ್ಪು ಹಾಕು, ಡಾಕ್ಟ್ರು ಹೇಳಿದಾರೆ ಅಂತ. ಅಮ್ಮ ಅಂದ್ರು, ಮತ್ತೆ ಹಠ ಶುರುವಾಯ್ತಾ, ಸಿಸ್ಟರ್‌ನ ಕರೆಸ್ಲಾ ಅಂತ. ನಾಲ್ಕು ಜನ ಹಿಡ್ಕೊಂಡು, ನೀವು ಸೂಜಿ ಎತ್ಕೊಂಡು ಬರ್ತಿದ್ದುದು ಕಣ್ಣಿಗೆ ಕಟ್ತು. ಸುಮ್ನೆ ಉಂಡೆ.’ ನಡುಗುವ ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡ. ‘ನಿಮ್ಮನ್ನ ಕಂಡ್ರೆ ನಂಗೆ ಭಾರಿ ಹೆದ್ರಿಕೆ ಸಿಸ್ಟರ್.’

ಹನ್ನೊಂದು ವರ್ಷ ಇವಳು ಅವನಿಗೆ ಹೆದರಿದ್ದಳು. ಅವನೂ ಅಷ್ಟೇ ವರ್ಷ, ಅಷ್ಟೇ ಹತ್ತಿರದಲ್ಲಿ, ಇವಳಿಗೆ ಹೆದರಿಕೊಂಡು ಕೂತಿದ್ದ.

‘ಈಗ್ಲೂನಾ?’ ಎಂದು ಕೇಳಿದಳು.

ಅವನು ಸಮಾಧಾನ ಮಾಡುವವನಂತೆ, ‘ನಾಳೆಯಿಂದ ನೀವು ಬರಲ್ವಲ್ಲ’ ಎಂದ.